ಕಾಯುವ ಹಕ್ಕು

ಮಗುವಿನ ಹೊಟ್ಟೆಯಲ್ಲಿ ಗಡ್ಡೆ ಇದೆಯೆಂದು ಗೊತ್ತಾದೊಡನೆ ಹೆತ್ತವರು ಕೈಮುಗಿದು ಹೇಳುವ ಮಾತು ಒಂದೇ: "ಡಾಕ್ಟ್ರೇ, ಬೇಗ ತೆಗೆದುಬಿಡಿ." ಆದರೆ ಮೂತ್ರಪಿಂಡದ ಕ್ಯಾನ್ಸರಾದ ವಿಲ್ಮ್ಸ್ ಗಡ್ಡೆ ದೊಡ್ಡ ರಕ್ತನಾಳದೊಳಗೆ ಹೊಕ್ಕು ಮೇಲೇರಿದ್ದರೆ ಅನುಭವಿ ಸರ್ಜನ್ "ಈಗಲೇ ಬೇಡ" ಎನ್ನುತ್ತಾರೆ. ಅಪಾಯ ಕಣ್ಣೆದುರಿಗಿದ್ದೂ ಕಾಯುವುದು ವಿವೇಕವೇ? ವಿವೇಕವೇ ಆದರೆ, ಹಾಗೆ ಕಾಯುವ ಅನುಕೂಲ ಯಾರಿಗಿದೆ? ಉತ್ತರ ಕನ್ನಡ ಜಿಲ್ಲೆಯ ಅಂಬಿಕಾನಗರದಂಥ ಊರಿನಿಂದ ನೋಡಿದರೆ ಎರಡನೆಯ ಪ್ರಶ್ನೆಯೇ ಹೆಚ್ಚು ಕಾಡುತ್ತದೆ.

1899ರಲ್ಲಿ ಈ ಗಡ್ಡೆಯ ಬಗ್ಗೆ ವಿಸ್ತಾರವಾಗಿ ಬರೆದ ಜರ್ಮನ್ ಸರ್ಜನ್ ಮ್ಯಾಕ್ಸ್ ವಿಲ್ಮ್ಸ್ ಅವರ ಹೆಸರೇ ಇದಕ್ಕೆ ಉಳಿದಿದೆ. ಬರುವುದು ಹೆಚ್ಚಾಗಿ ಐದು ವರ್ಷದೊಳಗಿನ ಮಕ್ಕಳಿಗೆ. ಸಾಮಾನ್ಯವಾಗಿ ನೋವಿರುವುದಿಲ್ಲ, ಎಷ್ಟೋ ಸಲ ಸ್ನಾನ ಮಾಡಿಸುವಾಗ ತಾಯಿಯ ಕೈಗೇ ಸಿಗುತ್ತದೆ. (ಸಿಕ್ಕರೆ ಒತ್ತಿ ಒತ್ತಿ ನೋಡಬಾರದು, ಒಡೆಯಬಹುದು.) ನೂರರಲ್ಲಿ ಸುಮಾರು 4ರಿಂದ 10 ಮಕ್ಕಳಲ್ಲಿ ಗಡ್ಡೆಯ ಎಳೆ ಮೂತ್ರಪಿಂಡದ ಸಿರೆಯನ್ನು ದಾಟಿ, ರಕ್ತವನ್ನು ಹೃದಯಕ್ಕೊಯ್ಯುವ ಕೆಳ ಮಹಾಸಿರೆಗೆ ಸೇರುತ್ತದೆ. ಅಪರೂಪಕ್ಕೆ ಹೃದಯದ ಬಲಗೋಣೆಯವರೆಗೂ ಹೋಗುತ್ತದೆ. ಆತುರಪಟ್ಟು ಎಳೆದರೆ ತುಂಡು ಕಳಚಿ ಶ್ವಾಸಕೋಶದ ನಾಳದಲ್ಲಿ ಸಿಕ್ಕಿಕೊಳ್ಳಬಹುದು, ರಕ್ತ ಹರಿದುಹೋಗಬಹುದು. ಅದಕ್ಕೇ ಮೊದಲು ಕೆಲವು ವಾರ ಕೀಮೋ. ಹಲವು ಮಕ್ಕಳಲ್ಲಿ ಎಳೆ ಕುಗ್ಗಿ ಕೆಳಗಿಳಿಯುತ್ತದೆ. ಇಳಿಯದೆ ಹೃದಯದಲ್ಲೇ ಉಳಿದರೆ, ಹೃದಯ ಮತ್ತು ಶ್ವಾಸಕೋಶದ ಕೆಲಸವನ್ನು ಯಂತ್ರಕ್ಕೆ ವಹಿಸಿ ಆಪರೇಷನ್ ಮಾಡಬೇಕಾಗಬಹುದು.

ಈ ರೋಗದ ಬಗ್ಗೆ ವೈದ್ಯಲೋಕದಲ್ಲಿ ಎರಡು ಪಂಥಗಳಿವೆ. ಅಮೆರಿಕದವರು ಸಾಧ್ಯವಾದಲ್ಲೆಲ್ಲ ಮೊದಲೇ ಗಡ್ಡೆ ತೆಗೆಯುತ್ತಾರೆ. ಔಷಧಿ ಸೋಕದ ಗಡ್ಡೆಯನ್ನು ಪರೀಕ್ಷಿಸಿದರೆ ರೋಗದ ಹಂತ ನಿಖರವಾಗಿ ತಿಳಿಯುತ್ತದೆ ಎಂಬುದು ಅವರ ವಾದ. ಯುರೋಪಿನವರು ಮೊದಲು ಕೀಮೋ ಕೊಡುತ್ತಾರೆ. ಗಡ್ಡೆ ಒಡೆಯುವ ಅಪಾಯ ಅದರಿಂದ ತಗ್ಗುತ್ತದೆ. ಒಬ್ಬರಿಗೆ ತಿಳಿವಳಿಕೆ ಮೊದಲು, ಇನ್ನೊಬ್ಬರಿಗೆ ಸುರಕ್ಷತೆ ಮೊದಲು. ಫಲಿತಾಂಶದಲ್ಲಿ ದೊಡ್ಡ ಅಂತರವಿಲ್ಲ. ಆದರೆ ಎಳೆ ಯಕೃತ್ತಿನ ಸಿರೆಗಳನ್ನು ದಾಟಿ ಮೇಲೇರಿದಾಗ ಅಮೆರಿಕದವರೂ ಕೀಮೋವನ್ನೇ ಮುಂದಿಡುತ್ತಾರೆ. ಅಪಾಯ ಹೆಚ್ಚಿದಷ್ಟೂ ತಾಳ್ಮೆ ಹೆಚ್ಚಬೇಕೆಂಬುದು ಹೀಗೆ ಎರಡೂ ಕಡೆಯವರು ಒಪ್ಪಿದ ಮಾತಾಗಿದೆ.

ಈ ಕಾಯುವಿಕೆ ಸುಮ್ಮನೆ ಕೂರುವುದಲ್ಲ. ವಾರವಾರ ಇಂಜೆಕ್ಷನ್, ರಕ್ತಪರೀಕ್ಷೆ, ಸ್ಕ್ಯಾನ್. ನಡುವೆ ಜ್ವರ ಬಂದರೆ ಬೆಳಗಾಗುವವರೆಗೂ ತಡೆಯದೆ ಆಸ್ಪತ್ರೆಗೆ ಓಡಬೇಕು. ಕಾಳಿ ನದಿಯ ನಾಗಝರಿ ವಿದ್ಯುದಾಗಾರದ ಬೆನ್ನಿಗೆ ಕಾಡಿನೊಳಗೆ ಎದ್ದ ಊರು ಅಂಬಿಕಾನಗರ. ಅಲ್ಲಿಂದ ದಾಂಡೇಲಿ, ಹಳಿಯಾಳ, ಧಾರವಾಡ ದಾಟಿ ಹುಬ್ಬಳ್ಳಿ ತಲುಪಬೇಕು. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗಬೇಕಾದರೆ ಒಂದಿಡೀ ರಾತ್ರಿಯ ದಾರಿ. ವಿದ್ಯುದಾಗಾರದ ಕಾಲೊನಿಯ ನೌಕರ ಹೇಗೋ ನಿಭಾಯಿಸಿಯಾನು. ಜೋಯಿಡಾದ ಕುಣಬಿ, ಹಳಿಯಾಳದ ಸಿದ್ದಿ, ಮುಂಡಗೋಡದ ಗೌಳಿ ಸಮುದಾಯದ ಕುಟುಂಬಗಳಿಗೆ ಒಂದು ಪ್ರಯಾಣವೆಂದರೆ ಎರಡು ದಿನದ ಕೂಲಿ ಹೋದಂತೆ.

"ಇವರು ಮತ್ತೆ ಬರುತ್ತಾರೋ ಇಲ್ಲವೋ, ಬಂದಾಗಲೇ ಕೊಯ್ದುಬಿಡೋಣ" ಎಂಬ ವಾದ ಇಲ್ಲಿಂದಲೇ ಹುಟ್ಟುತ್ತದೆ. ಅದನ್ನು ಹಗುರವಾಗಿ ತಳ್ಳಿಹಾಕಲಾರೆ. ಚಿಕಿತ್ಸೆ ನಡುವೆಯೇ ಬಿಟ್ಟುಹೋಗುವುದು ಬಡದೇಶಗಳಲ್ಲಿ ಮಕ್ಕಳ ಕ್ಯಾನ್ಸರಿನ ಸಾವಿಗೆ ದೊಡ್ಡ ಕಾರಣವೇ ಹೌದು. ಆದರೂ ಒಪ್ಪಲಾರೆ. ರಸ್ತೆಯ ಕೊರತೆಯನ್ನು ಮಗುವಿನ ಮೈಮೇಲೆ ತೀರಿಸಿಕೊಳ್ಳುವ ವಾದವದು. ಶ್ರೀಮಂತ ದೇಶಗಳಲ್ಲಿ ಈ ರೋಗದ ಹತ್ತು ಮಕ್ಕಳಲ್ಲಿ ಸುಮಾರು ಒಂಬತ್ತು ಬದುಕುತ್ತವೆ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಮಕ್ಕಳ ಕ್ಯಾನ್ಸರಿಗೆ ಇಟ್ಟುಕೊಂಡ ಗುರಿ, 2030ರೊಳಗೆ ನೂರಕ್ಕೆ 60 ಮಕ್ಕಳಾದರೂ ಬದುಕಬೇಕೆಂಬುದು. ಶ್ರೀಮಂತ ದೇಶಗಳಿಗೂ ಉಳಿದವಕ್ಕೂ ನಡುವಿನ ಈ ಅಂತರಕ್ಕೆ ಗಡ್ಡೆಯೊಂದನ್ನೇ ದೂರಿ ಫಲವಿಲ್ಲ.

ಉತ್ತರ ಕನ್ನಡದ ಜನ 2022ರಲ್ಲಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಬೀದಿಗಿಳಿದಿದ್ದರು. ಬೇಡಿಕೆ ನ್ಯಾಯವಾದದ್ದು. ಆದರೆ ಇಷ್ಟು ಅಪರೂಪದ ಆಪರೇಷನ್ ಪ್ರತಿ ಜಿಲ್ಲೆಯಲ್ಲೂ ನಡೆಯಲಾರದು, ನಡೆಯಲೂಬಾರದು. ಪಳಗಿದ ಕೈಗಳಿರುವ ಕೆಲವೇ ಕಡೆ ಆಗಬೇಕು. ವಾರದ ಇಂಜೆಕ್ಷನ್ನು, ಜ್ವರದ ಆರೈಕೆ ಮಾತ್ರ ಹತ್ತಿರದಲ್ಲೇ ಸಿಗಬೇಕು. ಆಯುಷ್ಮಾನ್ ಕಾರ್ಡು ಆಸ್ಪತ್ರೆಯ ಬಿಲ್ಲಿಗೆ ಆಸರೆಯಾಗುತ್ತದೆ, ಸರಿ. ಬಸ್ಸಿನ ಟಿಕೇಟು, ತಂಗುವ ಕೋಣೆ, ತಪ್ಪಿದ ಕೂಲಿ ಇವನ್ನೂ ಸರ್ಕಾರ ಚಿಕಿತ್ಸೆಯ ಖರ್ಚೆಂದೇ ಬರೆದುಕೊಳ್ಳಲಿ.