ಕಲಿತುದರ ಲೆಕ್ಕ

ಹುಮನಾಬಾದದ ದಾರಿಯಲ್ಲಿರುವ ಕಮಲಾಪುರದ ಕೆಂಪು ಬಾಳೆಹಣ್ಣು ಕಲಬುರಗಿಯ ಪೇಟೆಗೆ ಬಂದರೆ, ಊರು ಬಿಟ್ಟು ಬಂದಿತೆಂದು ಯಾರೂ ಅದರ ಬೆಲೆಯನ್ನು ತಗ್ಗಿಸುವುದಿಲ್ಲ. ಊರ ಹೆಸರಿನಿಂದಲೇ ಅದಕ್ಕೆ ಮಾನ. ಅದೇ ಊರಿನ ಪದವಿ ಕಾಲೇಜಿನಲ್ಲಿ ಎರಡು ವರ್ಷ ಓದಿದ ಹುಡುಗಿಯೊಬ್ಬಳು, ತಂದೆಯ ಕಾಯಿಲೆಯಿಂದಲೋ ಮದುವೆಯಿಂದಲೋ ಕಲಬುರಗಿಗೆ ಬಂದು, ಬೇರೊಂದು ವಿಶ್ವವಿದ್ಯಾಲಯದ ಬಾಗಿಲಲ್ಲಿ ನಿಂತಳೆಂದು ಭಾವಿಸಬಹುದು. ಅಲ್ಲಿ ಅವಳ ಹಳೆಯ ಪಠ್ಯಕ್ರಮವನ್ನು ತಮ್ಮದರ ಪಕ್ಕದಲ್ಲಿಟ್ಟು, ಇದು ಸಮಾನ, ಇದು ಸಮಾನವಲ್ಲ ಎಂದು ಬೇರ್ಪಡಿಸುವರು. ಸಮಾನವಲ್ಲವೆಂದುದನ್ನು ಅವಳು ಮತ್ತೆ ಓದಬೇಕು, ಶುಲ್ಕವನ್ನೂ ಮತ್ತೆ ತೆರಬೇಕು. ಇದು ನ್ಯಾಯವೇ?

ಪ್ರಶ್ನೆಯು ತೋರುವಷ್ಟು ಸುಲಭವಾದುದಲ್ಲ. ಪದವಿಯೆಂಬುದು ಸಂಸ್ಥೆಯೊಂದು ಲೋಕಕ್ಕೆ ಕೊಡುವ ಮಾತು. ತಾನು ಕಲಿಸದಿದ್ದುದಕ್ಕೆ ಮುದ್ರೆಯೊತ್ತಲು ಹಿಂಜರಿಯುವವರನ್ನು ಗರ್ವಿಗಳೆಂದು ಜರೆಯಲಾಗದು. ರಸಾಯನಶಾಸ್ತ್ರದ ಪ್ರಯೋಗವನ್ನು ಕೈಯಾರೆ ಮಾಡದವನನ್ನು ಮುಂದಿನ ತರಗತಿಗೆ ಕಳುಹಿಸುವುದು ದಯೆಯೂ ಅಲ್ಲ.

ಆದರೂ ಕಲಬುರಗಿಯ ಚರಿತ್ರೆಯು ಒಂದು ವಿಚಿತ್ರವನ್ನು ತೋರಿಸುತ್ತದೆ. ನಿಜಾಮರ ಆಳಿಕೆಯಲ್ಲಿ ಇಲ್ಲಿಯ ಉನ್ನತ ವಿದ್ಯೆಯು, 1918ರಲ್ಲಿ ಹೈದರಾಬಾದಿನಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಕಡೆಗೆ ಮುಖ ಮಾಡಿತ್ತು. ಬೋಧನೆಯ ಭಾಷೆ ಉರ್ದು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದ ಬಳಿಕ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಆಶ್ರಯಕ್ಕೆ ಬಂದವು; 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯವು ಹುಟ್ಟಿದಾಗ ಅದರ ಕೈಗೆ. ಕಟ್ಟಡಗಳು ಕದಲಲಿಲ್ಲ, ಬದಲಾದುದು ಮುದ್ರೆ. ಇಡೀ ಕಾಲೇಜು ಹೀಗೆ ದಾಟುವಾಗ ಹಳೆಯದನ್ನು ಹೊಸದಕ್ಕೆ ಹೊಂದಿಸುವ ಹೊಣೆ ಅಧಿಕಾರಿಗಳದು. ವಿದ್ಯಾರ್ಥಿನಿಯೊಬ್ಬಳೇ ದಾಟಿದಾಗಲಾದರೋ ಪುರಾವೆಯ ಭಾರವೆಲ್ಲ ಅವಳ ತಲೆಯ ಮೇಲೆ.

ಈ ಭಾರವನ್ನು ಇಳಿಸುವುದಕ್ಕೆಂದೇ ವಿಶ್ವವಿದ್ಯಾಲಯ ಅನುದಾನ ಆಯೋಗವು 2021ರ ಜುಲೈಯಲ್ಲಿ ಶೈಕ್ಷಣಿಕ ಕ್ರೆಡಿಟ್ ಬ್ಯಾಂಕಿನ ನಿಯಮಗಳನ್ನು ಹೊರಡಿಸಿತು. ಓದಿ ಗಳಿಸಿದ ಕ್ರೆಡಿಟ್ಟುಗಳು ವಿದ್ಯಾರ್ಥಿಯ ಹೆಸರಿನ ಖಾತೆಗೆ ಜಮೆಯಾಗತಕ್ಕವು. ಪದವಿ ಕೊಡುವ ಸಂಸ್ಥೆಯಲ್ಲಿ ಅರ್ಧದಷ್ಟನ್ನಾದರೂ ಗಳಿಸಿರತಕ್ಕದ್ದು. ಜಮೆಯ ಆಯುಸ್ಸು ಹೆಚ್ಚೆಂದರೆ ಏಳು ವರ್ಷ. ವಿದ್ಯೆಯು ಕಲಿಸಿದವರ ಸೊತ್ತಲ್ಲ, ಕಲಿತವರದು ಎಂಬ ಭಾವವು ಇದರಲ್ಲಿದೆ, ಅದು ಮೆಚ್ಚತಕ್ಕದ್ದೇ. ಏಳು ವರ್ಷದ ಗಡುವು ಮಾತ್ರ ಯೋಚನೆಗೆ ಹಚ್ಚುತ್ತದೆ. ಗಣಕಶಾಸ್ತ್ರವು ಅಷ್ಟರಲ್ಲಿ ಹಳಸೀತು. ಪಂಪನನ್ನು ಓದಿದುದೂ ಹಳಸುವುದೇ? ಮಕ್ಕಳನ್ನು ಸಾಕಿ ಎಂಟನೆಯ ವರ್ಷ ಮರಳಿದವಳಿಗೆ ಏನು ಹೇಳಬೇಕು?

ಖಾತೆಯಿದ್ದ ಮಾತ್ರಕ್ಕೆ ಜಮೆಯು ನಗದಾಗುವುದೂ ಇಲ್ಲ. ಸ್ವೀಕರಿಸುವ ಸಂಸ್ಥೆಯು ಒಪ್ಪಬೇಕು. ಅಲ್ಲಿಯೇ ನ್ಯಾಯದ ಗಂಟು. ಸಂಶಯಪಡುವ ಹಕ್ಕು ಸಂಸ್ಥೆಗೆ ಉಂಟು. ಆದರೆ ಆ ಹಕ್ಕಿನೊಡನೆ ಪರೀಕ್ಷಿಸುವ ಕರ್ತವ್ಯವೂ ಅಂಟಿಕೊಂಡಿದೆ. ಮೇಲೆ ಹೇಳಿದ ಹುಡುಗಿಯ ವಿಷಯದಲ್ಲಿ ಕಾಗದಗಳನ್ನು ನೋಡಿದವರಿದ್ದಾರೆ, ಅವಳನ್ನು ಕೇಳಿದವರಿಲ್ಲ. ಕೇಳದೆ ತಿರಸ್ಕರಿಸಿದರೆ ಕಾಪಾಡಿದುದು ವಿದ್ಯೆಯ ಮಟ್ಟವನ್ನಲ್ಲ, ಬೇಲಿಯನ್ನು. ಸಮಾನವಲ್ಲವೆಂದು ತೋರಿದ ವಿಷಯದಲ್ಲಿ ಅವಳನ್ನು ಕೂರಿಸಿ ನಾಲ್ಕು ಪ್ರಶ್ನೆ ಕೇಳಲಿ. ಬಲ್ಲಳಾದರೆ ಒಪ್ಪಲಿ, ಅರಿಯದಿದ್ದರೆ ಅಷ್ಟನ್ನು ಮಾತ್ರ ಓದಿಸಲಿ. ಅಧ್ಯಾಪಕರೊಬ್ಬರ ಒಂದು ಮಧ್ಯಾಹ್ನದ ಕೆಲಸವದು. ಆ ಮಧ್ಯಾಹ್ನವನ್ನು ಯಾರ ಲೆಕ್ಕಕ್ಕೆ ಬರೆಯಬೇಕೆಂಬುದನ್ನು ವಿಶ್ವವಿದ್ಯಾಲಯಗಳು ತಮ್ಮೊಳಗೆ ಗೊತ್ತುಮಾಡಿಕೊಳ್ಳಬಹುದು.