ಗೆದ್ದ ಭಾಷೆಯ ಚರಿತ್ರೆ

(ಕೋಲಾರದ ಚಿನ್ನದ ಗಣಿಯ ಊರು ಕೆಜಿಎಫ್. ಅಲ್ಲಿಯ ಆಂಡರ್ಸನ್‌ಪೇಟೆಯ ಒಂದು ಜಗಲಿ. ಮೇಷ್ಟ್ರು ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ರಾಣಿ ಅವರ ಹಳೆಯ ವಿದ್ಯಾರ್ಥಿನಿ. ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಇಂಗ್ಲಿಷ್ ಎಂ.ಎ. ಓದುತ್ತಾಳೆ.)

ರಾಣಿ: ಸಾರ್, ನಮ್ಮ ಇಂಗ್ಲಿಷ್ ಭಾಷೆಯ ಚರಿತ್ರೆಯ ಪುಸ್ತಕದ ತುಂಬ ಇಂಗ್ಲಿಷ್ ಬೆಳೆಯಿತು, ಬೆಳೆಯಿತು ಅಂತಲೇ ಇದೆ. ನಮ್ಮ ಕೆಜಿಎಫ್ ಇಂಗ್ಲಿಷ್ ಬದಲಾದರೆ ಮಾತ್ರ ತಪ್ಪು ಅಂತಾರೆ. ಬೆಳವಣಿಗೆ ಯಾವುದು, ತಪ್ಪು ಯಾವುದು ಅಂತ ಗೆರೆ ಎಳೆಯೋರು ಯಾರು?

ಮೇಷ್ಟ್ರು: ಮೊದಲು ನಮ್ಮ ಬೀದಿ ನೋಡಮ್ಮ. ನಿಮ್ಮ ತಮಿಳರ ಮನೆಯಲ್ಲಿ ಪಾಲ್, ಪಕ್ಕದ ತೆಲುಗರ ಮನೆಯಲ್ಲಿ ಪಾಲು, ನಮ್ಮಲ್ಲಿ ಹಾಲು. ಹಳಗನ್ನಡದಲ್ಲಿ ನಮ್ಮದೂ ಪಾಲೇ. ಪಕಾರ ಹಕಾರವಾಯಿತು, ಇವತ್ತು ಅದನ್ನು ತಪ್ಪು ಅನ್ನೋರಿಲ್ಲ. ಸಂಸ್ಕೃತದ ಪಿತೃ, ಲ್ಯಾಟಿನ್ನಿನ ಪಾಟೆರ್, ಇಂಗ್ಲಿಷಿನ ಫಾದರ್ ಒಂದೇ ಬುಡದವು. ಇಂಗ್ಲಿಷಿನ ಕಡೆ ಪಕಾರ ಫಕಾರವಾಯಿತು.

ರಾಣಿ: ಹಾಗಾದರೆ ತುಂಬ ಜನ ತಪ್ಪಾಗಿ ಆಡಿದರೆ ಅದೇ ಸರಿಯಾಗಿಬಿಡುತ್ತಾ?

ಮೇಷ್ಟ್ರು: ತುಂಬ ಜನ, ತುಂಬ ಕಾಲ, ಒಬ್ಬರ ಮಾತು ಒಬ್ಬರಿಗೆ ತಿಳಿಯುವ ಹಾಗೆ ಆಡಬೇಕು. 9ನೇ ಶತಮಾನದಲ್ಲಿ ಡೆನ್ಮಾರ್ಕ್ ಕಡೆಯ ಡೇನರು ದಂಡೆತ್ತಿ ಬಂದು ಇಂಗ್ಲೆಂಡಿನ ಉತ್ತರದಲ್ಲೂ ಪೂರ್ವದಲ್ಲೂ ನೆಲೆ ನಿಂತರು. ಎರಡು ಕಡೆಯವರ ಮಾತಿನಲ್ಲೂ ಪದದ ಬುಡ ಹತ್ತಿರ, ಕೊನೆಗೆ ಹತ್ತುವ ಪ್ರತ್ಯಯ ಬೇರೆ. ಸಂತೆಯಲ್ಲಿ ಹಸು ಮಾರುವವನಿಗೆ ವಿಭಕ್ತಿ ಯಾಕೆ? ಇಂಗ್ಲಿಷ್ ತನ್ನ ವಿಭಕ್ತಿಗಳನ್ನು ಕಳಚಿಕೊಂಡದ್ದಕ್ಕೆ ಈ ಬೆರೆತ ಬದುಕೂ ಒಂದು ಕಾರಣ ಅಂತ ಅನೇಕ ವಿದ್ವಾಂಸರು ಹೇಳುತ್ತಾರೆ. 'ಅವರು' ಅನ್ನುವುದಕ್ಕೆ ಇಂಗ್ಲಿಷಿನಲ್ಲಿರುವ 'ದೇ' ಕೂಡ ಡೇನರ ಕಡೆಯಿಂದಲೇ ಬಂತು. ಒಂದು ಭಾಷೆ ಇನ್ನೊಂದರ ಸರ್ವನಾಮ ತೆಗೆದುಕೊಳ್ಳುವುದು ಬಲು ಅಪರೂಪ. ಕೊಟ್ಟು ತಂದು ಒಟ್ಟಿಗೆ ಬಾಳಿದವರಲ್ಲೇ ಅದು ಹೆಚ್ಚಾಗಿ ಆಗುತ್ತೆ.

ರಾಣಿ: 1066ರಲ್ಲಿ ಫ್ರಾನ್ಸಿನಿಂದ ನಾರ್ಮನ್ನರು ಬಂದದ್ದು ಹಾಗಲ್ಲವಲ್ಲ. ಅವರು ಆಳೋಕೆ ಬಂದೋರು.

ಮೇಷ್ಟ್ರು: ಹೌದು. ಆಮೇಲೆ ಸುಮಾರು ಮುನ್ನೂರು ವರ್ಷ ದರಬಾರಿಗೆ ಫ್ರೆಂಚ್, ಇಗರ್ಜಿಗೆ ಲ್ಯಾಟಿನ್, ಹೊಲಕ್ಕೆ ಇಂಗ್ಲಿಷ್. ಕೋರ್ಟಿನಲ್ಲಿ ವಾದ ಇಂಗ್ಲಿಷಿನಲ್ಲಿ ನಡೆಯಲಿ ಅಂತ 1362ರಲ್ಲಿ ಕಾಯ್ದೆ ಬಂತು. ಆ ಕಾಯ್ದೆಯನ್ನು ಬರೆದದ್ದು ಫ್ರೆಂಚಿನಲ್ಲಿ! ಆಳಿಸಿಕೊಂಡವರ ಬಾಯಲ್ಲಿ ಉಳಿದು ಮೇಲೆ ಬಂದ ಭಾಷೆ ಅದು. ಅದಕ್ಕೇ ಹೇಳ್ತೀನಿ, ಭಾಷೆ ಆಡುವವರದು. ನಿನ್ನದೂ ಹೌದು.

ರಾಣಿ: ಕೇಳೋಕೆ ಸಮಾಧಾನ ಆಗುತ್ತೆ ಸಾರ್, ಒಪ್ಪೋಕೆ ಆಗಲ್ಲ. ಮೇಲೆ ಬಂದಮೇಲೆ ಅದು ಏನು ಮಾಡಿತು?

ಮೇಷ್ಟ್ರು: ಅದನ್ನು ಹೇಳಬೇಕಾದರೆ ಕಾರ್ನ್‌ವಾಲಿಗೆ ಹೋಗಬೇಕು. ಇಂಗ್ಲೆಂಡಿನ ನೈರುತ್ಯದ ತುದಿ, ತವರದ ಗಣಿಗಳ ನಾಡು. ಅಲ್ಲಿಯ ಭಾಷೆ ಕಾರ್ನಿಷ್, ವೇಲ್ಸಿನ ಭಾಷೆಯ ನಂಟು, ಇಂಗ್ಲಿಷ್ ಅಲ್ಲ. 1549ರಲ್ಲಿ ಸರ್ಕಾರ ಇಂಗ್ಲಿಷ್ ಪ್ರಾರ್ಥನಾ ಪುಸ್ತಕವನ್ನು ಹೇರಿತು. ನಮ್ಮಲ್ಲಿ ಕೆಲವರಿಗೆ ಇಂಗ್ಲಿಷೇ ಬರಲ್ಲ ಅಂತ ಅಲ್ಲಿಯ ಜನ ಬರೆದುಕೊಟ್ಟು ದಂಗೆ ಎದ್ದರು. ಸಾವಿರಾರು ಜನ ಸತ್ತರು. ಆಮೇಲೆ ಭಾಷೆ ಊರೂರೇ ಹಿಂದೆ ಸರಿಯಿತು. ಮೌಸ್‌ಹೋಲ್ ಎಂಬ ಊರಲ್ಲಿ ಮೀನು ಮಾರುತ್ತಿದ್ದ ಡಾಲಿ ಪೆಂಟ್ರೀತ್, ಅದನ್ನು ಚೆನ್ನಾಗಿ ಬಲ್ಲ ಕೊನೆಯವಳೆಂದು ಹೆಸರಾದವಳು, 1777ರಲ್ಲಿ ತೀರಿಕೊಂಡಳು.

ರಾಣಿ: ನಮ್ಮ ಗಣಿಗೆ ಬಂದ ದೊರೆಗಳಲ್ಲಿ ಕಾರ್ನ್‌ವಾಲಿನವರು ಇದ್ದರಲ್ಲವಾ?

ಮೇಷ್ಟ್ರು: ಬಹಳ ಮಂದಿ ಇದ್ದರು. ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿ ಕಾಲಿಟ್ಟದ್ದು 1880ರಲ್ಲಿ. ಕಾರ್ನಿಷ್ ಗಣಿಗಾರರನ್ನು ಕರೆತಂದಿತು. ಡಾಲಿ ಸತ್ತು ಬರೀ ನೂರು ವರ್ಷ ಕಳೆದಿತ್ತು. ಉತ್ತರ ಆರ್ಕಾಟಿನಿಂದ, ಚಿತ್ತೂರಿನಿಂದ ಬಂದ ನಿಮ್ಮ ಹಿರಿಯರ ಮೇಲೆ ಇಂಗ್ಲಿಷಿನಲ್ಲಿ ಅಧಿಕಾರ ನಡೆಸಿದವರು ಯಾರು? ಅದೇ ಇಂಗ್ಲಿಷಿಗೆ ತಾಯಿನುಡಿ ಕಳೆದುಕೊಂಡವರ ಮೊಮ್ಮಕ್ಕಳು. ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತೆ.

ರಾಣಿ: ನನಗೆ ಸಿಟ್ಟು ಬರುತ್ತೆ. ಕಳೆದುಕೊಂಡವರಿಗೆ ಕಳೆದುಕೊಳ್ಳೋದು ಏನು ಅಂತ ಗೊತ್ತಿರಬೇಕಿತ್ತು. ನಮ್ಮ ತಾತ ಚಾಂಪಿಯನ್ ರೀಫ್‌ನಲ್ಲಿ ಕೇಜ್ ಹತ್ತಿ ಶಾಫ್ಟ್ ಇಳಿದವರು. ಶಾಲೆ ಕಂಡೋರಲ್ಲ. ಎಷ್ಟೊಂದು ಇಂಗ್ಲಿಷ್ ಪದ ಅವರ ತಮಿಳಲ್ಲಿ ಇದ್ದವು! ಅವರ ಬಾಯಿಂದ ಆ ಕಡೆಗೆ ಏನು ಹೋಯಿತು?

ಮೇಷ್ಟ್ರು: ನಮ್ಮ ಕಡೆಯಿಂದಲೂ ಹೋಗಿವೆಯಲ್ಲ. ಕರಿ, ಕಟಮರಾನ್, ಚಿರೂಟ್, ಎಲ್ಲ ತಮಿಳಿನಿಂದ ಹೋದವು.

ರಾಣಿ: ಕೂಲಿಯೂ ಹೋಯಿತು. ನಮ್ಮಲ್ಲಿ ಕೂಲಿ ಅಂದರೆ ದುಡಿದದ್ದಕ್ಕೆ ಸಿಗಬೇಕಾದ ಹಣ. ಅವರಲ್ಲಿ ಅದು ಮನುಷ್ಯನ ಹೆಸರಾಯಿತು.

ಮೇಷ್ಟ್ರು: ಗುಜರಾತಿನ ಕೋಲಿ ಸಮುದಾಯದ ಹೆಸರೂ ಅದರಲ್ಲಿ ಬೆರೆತಿದೆ ಅನ್ನುವವರಿದ್ದಾರೆ.

ರಾಣಿ: ಇರಲಿ ಸಾರ್. ಮೂಲ ಯಾವುದಾದರೂ, ಆ ಪದವನ್ನು ಹೇಗೆ ಬಳಸಿದರು ಅನ್ನೋದು ಗೊತ್ತೇ ಇದೆಯಲ್ಲ. ಡೇನರ ಜೊತೆ ಸರ್ವನಾಮ ಹಂಚಿಕೊಂಡ ಭಾಷೆ ನಮ್ಮ ಜೊತೆ ಹಂಚಿಕೊಂಡದ್ದು ಇದು. ಎರಡನ್ನೂ ಪುಸ್ತಕ ಒಂದೇ ತಲೆಬರಹದ ಕೆಳಗೆ ಹಾಕುತ್ತೆ: ಎರವಲು. ಎರವಲು ಅಂದರೆ ಇಬ್ಬರೂ ಸಮ ಅಂದಂಗಾಗುತ್ತೆ. ಭಾಷೆ ಆಡುವವರದು ಅಂದಿರಿ. ಆಡಿದರೂ ಯಾರ ಮಾತು ಲೆಕ್ಕಕ್ಕೆ ಬರುತ್ತೆ, ಅದು ಬೇರೆ ಪ್ರಶ್ನೆ.

ಮೇಷ್ಟ್ರು: ಒಪ್ಪಿದೆ. ಅದಕ್ಕೆ ಇನ್ನೊಂದನ್ನು ಸೇರಿಸು. 1476ರಲ್ಲಿ ಕ್ಯಾಕ್ಸ್‌ಟನ್ ಎಂಬಾತ ಲಂಡನ್ ಪಕ್ಕದ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಅಚ್ಚುಕೂಟ ಹಾಕಿದ. ಇಂಗ್ಲಿಷಿನ ಸ್ವರಗಳ ಉಚ್ಚಾರ ಇನ್ನೂ ಕದಲುತ್ತಿದ್ದಾಗಲೇ ಕಾಗುಣಿತ ಮೆಲ್ಲಗೆ ಗಟ್ಟಿಯಾಗತೊಡಗಿತು. ಇಂಗ್ಲಿಷಿನ 'ನೀ' ಅಂದರೆ ಮೊಣಕಾಲು. ಅದನ್ನು ಬರೆಯುವಾಗ ಮೊದಲಲ್ಲಿ ಬರುವ ಕ ಒಂದು ಕಾಲಕ್ಕೆ ಕೇಳಿಸುತ್ತಿತ್ತು. ಈಗ ನಮ್ಮ ಮುಚ್ಚಿದ ಶಾಫ್ಟುಗಳ ಹಾಗೆ ನಿಂತಿದೆ, ಯಾರೂ ಇಳಿಯುವುದಿಲ್ಲ. ಆದರೂ ಅದನ್ನು ಬಿಟ್ಟು ಬರೆದರೆ ಮಗುವಿಗೆ ಮಾರ್ಕ್ಸ್ ಹೋಗುತ್ತೆ. ನೀನು ಕೇಳಿದ ಗೆರೆಯನ್ನು ಅಚ್ಚು ಎಳೆಯಿತು, ಶಾಲೆ ಎಳೆಯಿತು. ನಾನೂ ಎಷ್ಟೋ ವರ್ಷ ಕೆಂಪು ಶಾಯಿಯಲ್ಲಿ ಎಳೆದಿದ್ದೇನೆ. ಬೇರೆಯವರಿಗೆ ತಿಳಿಯುವ ಹಾಗೆ ಬರೆಯಲು ಮಕ್ಕಳಿಗೆ ಅದು ಬೇಕಿತ್ತು ಅಂತ ಇವತ್ತೂ ನಂಬುತ್ತೇನೆ.

ರಾಣಿ: ಬೇಕು ಸಾರ್, ನಾನೂ ಅದರಿಂದಲೇ ಓದಿದೆ. ಆದರೆ ಚರಿತ್ರೆ ಬರೆಯುವಾಗ ಗೆದ್ದದ್ದನ್ನಷ್ಟೇ ಬರೆದರೆ ಸುಳ್ಳಾಗುತ್ತೆ. ಜಾನ್ಸನ್ನನ ಇಂಗ್ಲಿಷ್ ನಿಘಂಟು ಬಂದದ್ದು 1755ರಲ್ಲಿ. ಆಗ ಡಾಲಿ ಬದುಕಿದ್ದಳು. ಎರಡೂ ಒಂದೇ ಪುಟದಲ್ಲಿ ಇರಬೇಕು.

ಮೇಷ್ಟ್ರು: ಹಾಗಾದರೆ ನಿನ್ನ ಪ್ರಬಂಧಕ್ಕೆ ಅದನ್ನೇ ತಗೋ. ಕಾರ್ನ್‌ವಾಲಿನ ಭಾಷೆಯನ್ನು ಆಡುವವರ ಬಾಯಿಂದ ಕೇಳಿ ಬರೆದುಕೊಳ್ಳುವ ಹೊತ್ತಿಗೆ ಆಡುವವರು ಬಹಳ ಕಡಿಮೆಯಾಗಿದ್ದರು. ನಮ್ಮ ಗಣಿ ಮುಚ್ಚಿದ್ದು 2001ರಲ್ಲಿ. ಒಳಗೆ ಇಳಿದವರು ಇನ್ನೂ ಇದ್ದಾರೆ, ಉಸಿರು ಕಟ್ಟಿದರೂ ಮಾತಾಡುತ್ತಾರೆ.

ರಾಣಿ: ಯಾವ ಯಾವ ಇಂಗ್ಲಿಷ್ ಪದ ಬಳಸುತ್ತಿದ್ದಿರಿ ಅಂತ ಕೇಳಲಾ?

ಮೇಷ್ಟ್ರು: ಹಾಗೆ ಕೇಳಿದರೆ ಸಂಕೋಚಪಟ್ಟು ಸುಮ್ಮನಾಗುತ್ತಾರೆ. ಅವರಿಗೆ ಅವು ಇಂಗ್ಲಿಷೇ ಅಲ್ಲ, ಕೆಲಸದ ಮಾತು. ಶಿಫ್ಟಿಗೆ ಹೋದಾಗಿನಿಂದ ಮೇಲೆ ಬರುವವರೆಗೆ ಏನೇನು ಮಾಡುತ್ತಿದ್ದಿರಿ ಅಂತ ಕೇಳು. ತಮಿಳಲ್ಲೇ ಕೇಳು.