ಯಾವ ಓಣಿ ಎಂದು ಕೇಳದ ಊರು

ಇಂದಿನ ಚಿಂತನೆ ಹಲಗೇರಿಯಿಂದ.

ಬ್ಯಾಡಗಿ ಮೆಣಸಿನಕಾಯಿ ಸ್ಯಾಂಪಲ್ ಹಿಡಿದುಕೊಂಡು ನಾಲ್ಕು ದಿನ ಕೊಲಂಬೊಕ್ಕೆ ಹೋಗಿದ್ದೆ. ಮೊದಲ ವಿದೇಶ ಪ್ರಯಾಣ. ನಮ್ಮ ಕಡೆ ಚಹಾ ಬರುವ ಮೊದಲೇ "ಯಾವ ಓಣಿಯವರ್ರಿ?" ಎಂಬ ಪ್ರಶ್ನೆ ಬರುತ್ತದೆ, ಓಣಿ ಹೇಳಿದರೆ ಜಾತಿ ಹೇಳಿದಂತೆ. ಅಲ್ಲಿ ಯಾರೂ ಕೇಳಲಿಲ್ಲ. ವ್ಯಾಪಾರಿಯೊಬ್ಬರು ತಮ್ಮ ಮನೆಯಲ್ಲೇ ಜೊತೆಗೆ ಊಟಕ್ಕೆ ಕೂರಿಸಿಕೊಂಡರು. ಎಲ್ಲಿ ನೋಡಿದರೂ ಬೋಧಿವೃಕ್ಷ, ಬುದ್ಧನ ಮೂರ್ತಿ. ಹೆಗಲ ಮೇಲಿನ ಚೀಲ ಇಳಿಸಿದಂತಾಯಿತು.

ಭಾನುವಾರ ಹೋಟೆಲಿನಲ್ಲಿ ಇಂಗ್ಲಿಷ್ ಪೇಪರ್ ತಿರುವಿದೆ. ವಧು-ವರರ ಜಾಹೀರಾತಿನಲ್ಲಿ "ಗೋವಿ ಬೌದ್ಧ" ಎಂದಿತ್ತು. ಗೋವಿ ಎಂದರೆ ಗೋವಿಗಮ, ಅಲ್ಲಿನ ಒಕ್ಕಲು ಜಾತಿ. 1753ರಲ್ಲಿ ಕ್ಯಾಂಡಿಯಲ್ಲಿ ಶುರುವಾದ ಸಿಯಾಮ್ ನಿಕಾಯ ಮುಂದೆ ಆ ಜಾತಿಯವರಿಗೆ ಮಾತ್ರ ಉಪಸಂಪದಾ ಕೊಡತೊಡಗಿತು. ಉಳಿದವರು ಭಿಕ್ಷುಗಳಾಗಲು 1800ರಲ್ಲಿ ಬರ್ಮಾದ ಅಮರಾಪುರದವರೆಗೆ ಹೋಗಬೇಕಾಯಿತು. 1950ರಲ್ಲಿ ಬಾಬಾಸಾಹೇಬರು ಕ್ಯಾಂಡಿಯ ವಿಶ್ವ ಬೌದ್ಧ ಸಮ್ಮೇಳನಕ್ಕೆ ಹೋದದ್ದೂ ಧಮ್ಮ ಅಲ್ಲಿ ಎಷ್ಟು ಜೀವಂತವಾಗಿದೆ ಎಂದು ಕಣ್ಣಾರೆ ನೋಡಲು.

ಹಾಗಾದರೆ ನನ್ನ ಸಮಾಧಾನ ಸುಳ್ಳೇ? ಇಲ್ಲ, ನಾಲ್ಕು ದಿನ ನಿಜವಾಗಿಯೂ ಹಗುರಾಗಿದ್ದೆ. ಅದನ್ನು ಸಮತೆ ಎಂದು ಕರೆದದ್ದು ನನ್ನ ಅವಸರ. ನನ್ನ ಜಾತಿ ಓದಲು ಅವರಿಗೆ ಬರುತ್ತಿರಲಿಲ್ಲ, ಅಷ್ಟೇ. ಅವರದನ್ನು ಓದಲು ನನಗೂ ಬರುತ್ತಿರಲಿಲ್ಲ.

ಬಂದ ಮರುವಾರ ಬ್ಯಾಡಗಿ ಮಾರುಕಟ್ಟೆಯಲ್ಲಿ ಚೀಲ ಹೊರಲು ಬಿಹಾರದ ಹುಡುಗನೊಬ್ಬ ಬಂದ. ಹೆಸರು ಹೇಳಿದ. "ಅಡ್ಡಹೆಸರೇನಪಾ?" ಎಂದು ಕೇಳಿದವನು ನಾನೇ.